ಮೊಂಡು

ಶೆಫೀಲ್ಡಿನ ಸಾಣೆಗಾರ ವಿಲ್ಫ್ ಸ್ಟ್ಯಾನಿಫೋರ್ತ್
ನಲವತ್ತು ವರ್ಷ ಬ್ಲಂಟ್ ಚಾಕುಗಳ ಮುಂದೆ ಕೂತವನು.
ಬ್ಲಂಟ್ ಅಂದರೆ ಮೊಂಡು. ಬೆಣ್ಣೆಯನ್ನೂ ಕೊಯ್ಯದ್ದು.
ಕಡ್ಡಿ ಮುರಿದಂತೆ ಆಡುವ ನಾಲಗೆಗೂ
ಅಲ್ಲಿ ಅದೇ ಹೆಸರು, ಯಾಕೋ.
ಅವನಿಗೂ ಅದೇ ಬಿರುದು:
ಮದುವೆಯಲ್ಲಿ, ಕೇಕು ಹಳಸಿದೆ ಎಂದಿದ್ದ;
ಪಾದ್ರಿಗೆ, ನಿದ್ದೆ ಬಂತು ಎಂದಿದ್ದ.

ಆಸ್ಪತ್ರೆಯಲ್ಲಿ ಎಳೆಯ ಡಾಕ್ಟರು
ಎಕ್ಸ್‌ರೇ ಹಿಡಿದು ಹತ್ತಿ ಸುತ್ತಿದ ಮಾತಾಡಿದಳು:
ಒಂದಿಷ್ಟು ನೆರಳು, ನೋಡೋಣ, ಆರಾಮಾಗಿಡುತ್ತೇವೆ.
"ಬ್ಲಂಟಾಗಿ ಹೇಳಮ್ಮ."

ಅವಳು ಫಿಲ್ಮು ಕೆಳಗಿಟ್ಟಳು.
"ಈಸ್ಟರ್ ತನಕ."

ಅಬ್ಬ,
ಎಷ್ಟು ನಯವಾಗಿ ಇಳಿಯಿತು.
ಅಲಗು ನೋಡುವವನ ಹಾಗೆ
ಹೆಬ್ಬೆರಳಲ್ಲಿ ಮೇಜಿನಂಚು ಸವರಿದ,
ಟೋಪಿ ಎತ್ತಿಕೊಂಡ.
ಪಕ್ಕದ ಮನೆ ಡೋರೀನಳ ಕತ್ತರಿ
ಶುಕ್ರವಾರಕ್ಕೆ ಕೊಡಬೇಕಿತ್ತು.