ಕೀ ಕೊಡುವವರು

ಲಿಯೆಪಾಯಾದ ಲೈಬ್ರರಿಯಲ್ಲಿ
ಮಕ್ಕಳಿಗೆ ದಿನಕ್ಕೆ ಒಂದೇ ಗಂಟೆ ಕಂಪ್ಯೂಟರ್.
ಅರವತ್ತನೆಯ ನಿಮಿಷಕ್ಕೆ
ಪರದೆ ತಾನಾಗಿ ಕಪ್ಪಾಗುತ್ತದೆ,
ಅರ್ಧ ಬರೆದ ವಾಕ್ಯ ಅರ್ಧಕ್ಕೇ.

ಅದಕ್ಕೇ ಹದಿಮೂರರ ಇಮಾಂಟ್ಸ್
ಆ ಕಂಪ್ಯೂಟರಿನೊಳಗೆ ತನ್ನದೊಂದನ್ನು ಕಟ್ಟಿದ,
ಯಾರ್ಯಾರೋ ಬಂದು ಏನೇನೋ ಗೀಚಿ ಹೋಗುವ
ಅಂಚಿಲ್ಲದ ಹಾಳೆಯ ಮೇಲೆ.
ಎಡಕ್ಕೆ ಯಾರದೋ ಬೈಗುಳ,
ಬಲಕ್ಕೆ ಯಾರೋ ನೆಟ್ಟ ಸೊನ್ನೆಗಳ ದ್ರಾಕ್ಷಿತೋಟ,
ನಡುವೆ ಪುಣ್ಯಕ್ಕೆ ಸಿಕ್ಕ ಖಾಲಿ ಸೈಟು.

ಅಡ್ಡಗೆರೆ, ಉದ್ದಗೆರೆ: ಕಿಟಕಿ.
ಅದರ ಮೂಲೆಗೊಂದು ಇಂಟು ಗುರುತು.
ಎರಡು ಕಂಸಗಳ ನಡುವೆ 'ಶುರು'.
ಕೆಳಗೆ ಬಲತುದಿಗೆ ಗಡಿಯಾರ, ೧೬.೦೨.

ಒತ್ತಿದರೆ ಏನೂ ಆಗುವುದಿಲ್ಲ.
ಆಗಬೇಕೆಂದಿದ್ದರೆ ನೀನೇ ಆಗಿಸಬೇಕು.
ತೆರೆಯಬೇಕೇ? ಗೆರೆ ಗೆರೆಯಾಗಿ ಟೈಪಿಸು.
ಮುಚ್ಚಬೇಕೇ? ಸ್ಪೇಸ್, ಸ್ಪೇಸ್, ಸ್ಪೇಸ್.
ಕಸದ ಬುಟ್ಟಿಗೆ ಒಂದು ಕಡತ ಎಸೆಯಲು
ಇಲ್ಲಿ ಅಳಿಸಿ ಅಲ್ಲಿ ಬರೆಯಬೇಕು;
ಎಸೆಯುವುದಕ್ಕೂ ಇಟ್ಟುಕೊಳ್ಳುವುದಕ್ಕೂ
ಬೆರಳಿಗೆ ಅಷ್ಟೇ ಕೂಲಿ.

(ಅಕ್ಷರವೆಂದರೆ ಅಳಿಯದ್ದು ಎಂದು
ನನಗೆ ಹೇಳಿಕೊಟ್ಟವರು
ಸ್ಪೇಸ್ ಬಾರ್ ಕಂಡಿರಲಿಲ್ಲ.)

ಒಂದು ಗುರುವಾರ ಯಾರೋ ಬಂದು
ಇಡೀ ಪರದೆಯ ಮೇಲೆ ಒಂದೇ ಅಕ್ಷರ ಸುರಿದಿದ್ದರು,
ಬಿರುಗಾಳಿಯ ಮಾರನೆಯ ಬೆಳಿಗ್ಗೆ
ದಂಡೆ ತುಂಬ ಕಡಲಪಾಚಿ ಬಿದ್ದ ಹಾಗೆ.
ಇಮಾಂಟ್ಸ್ ಬೈಯಲಿಲ್ಲ. ಉಳಿದದ್ದು ನಲವತ್ತು ನಿಮಿಷ.
ಎಡಮೂಲೆಯಿಂದ ಬಾಚತೊಡಗಿದ.
ಶುಕ್ರವಾರ ಬಂದು ನೋಡಿದರೆ
ಬಲಮೂಲೆಯಿಂದ ಯಾರೋ ಬಾಚಿದ್ದರು.
ನಡುವೆ ಉಳಿದದ್ದು ಒಂದು ಗೇಣು.

ಗಡಿಯಾರ ಮಾತ್ರ ತಪ್ಪು: ೧೧:೦೦.
ತಿದ್ದಿದ, ೧೬.೦೦.
ಮಾರನೆಯ ದಿನ ಮತ್ತೆ ೧೧:೦೦.
ಅವನದು ಒಂದು ಚುಕ್ಕಿ, ಆ ಕಡೆಯವರದು ಎರಡು.

ಕೌಂಟರಿನಲ್ಲಿ ಕೂತು ಮಕ್ಕಳ ಗಂಟೆ ಎಣಿಸುವ ವೆಲ್ಟಾ
ಕಪಾಟಿನ ಮೇಲಿನ ಭೂಗೋಳ ಇಳಿಸಿ, ಧೂಳು ಒರೆಸಿ,
ಐದು ಗಂಟೆ ಹಿಂದಕ್ಕೆ ತಿರುಗಿಸಿದಳು.
ಬೆರಳಿಗೆ ಮೊದಲು ಬರೀ ನೀರು,
ಆಮೇಲೆ ಬ್ರೆಜಿಲಿನ ದಂಡೆ,
ಇನ್ನೂ ಕೆಳಗೆ ಇಳಿದರೆ ಪೆಂಗ್ವಿನ್.
"ಎಲ್ಲಾದರೂ ಇರಬಹುದು" ಎಂದಳು,
"ಅಲ್ಲೀಗ ಬೇಸಿಗೆ."
ಅವಳ ಹಿಂದೆ ಗಾಜಿಗೆ ಹಿಮ ಬಡಿಯುತ್ತಿತ್ತು.

ಇಮಾಂಟ್ಸ್ ಮಗ್ಗುಲಲ್ಲಿ ಇನ್ನೊಂದು ಗಡಿಯಾರ ಕೂರಿಸಿದ.
ಅಂದಿನಿಂದ ಎರಡೂ ಸರಿಯಾಗಿವೆ.
ಯಾರು, ಎಷ್ಟು ಹೊತ್ತಿಗೆ, ಊಟ ಬಿಟ್ಟೋ ನಿದ್ದೆ ಬಿಟ್ಟೋ
ಕೀ ಕೊಡುತ್ತಾರೆ, ಅವನು ಕೇಳಲಿಲ್ಲ.
ಕೇಳಲು ಜಾಗವೇನೋ ಬೇಕಷ್ಟಿತ್ತು.

'ಬಂದ್ ಮಾಡು' ಎಂಬ ಗುಂಡಿಯನ್ನೂ ಬರೆದಿಟ್ಟಿದ್ದಾನೆ.
ನಿಜಕ್ಕೂ ಬಂದ್ ಮಾಡುವುದಾದರೆ
ಒಂದೊಂದೇ ಅಕ್ಷರ ಅಳಿಸುತ್ತ
ಎರಡು ರಾತ್ರಿ ಕೂರಬೇಕು.
ಅಷ್ಟು ಪುರುಸೊತ್ತು ಯಾರಿಗಿದೆ?

ಐದಕ್ಕೆ ಪರದೆ ಕಪ್ಪಾಯಿತು.
ಹುಡುಗ ಟೋಪಿ ಎಳೆದುಕೊಂಡು ಟ್ರಾಮಿಗೆ ಓಡಿದ.
ವೆಲ್ಟಾ ಕುರ್ಚಿಗಳನ್ನು ಒಳತಳ್ಳಿ, ದೀಪ ಆರಿಸಿ,
ಕೋಟಿನ ಒಂದು ತೋಳು ಮಾತ್ರ ತೊಟ್ಟು,
ತನ್ನ ಕೌಂಟರಿನ ಯಂತ್ರದಲ್ಲಿ ಆ ಹಾಳೆ ಹುಡುಕಿದಳು.
೧೭.೦೦ರ ಕೊನೆಯ ಸೊನ್ನೆ ಅಳಿಸಿ
ಒಂದು ಎಂದು ಬರೆದಳು.

ಗೋಡೆ ಗಡಿಯಾರದ ಕಡೆ ನೋಡಿದಳು.
ಇನ್ನೊಂದು ತೋಳು ತೊಡದೆ
ಎರಡಕ್ಕಾಗಿ ಕಾದಳು.