ಹಿಂದಿನ ಸೀಟು

ಈ ಕಾರಿಗೆ ನೀರು ಬೇಡ, ಗಾಳಿಯೇ ಸಾಕು ಅಂತ
ಮಿಲ್ಲಿನ ಹಳೇ ಮ್ಯಾನೇಜರರ ಹೆಂಡತಿ ಮಾರುವಾಗ ಹೇಳಿದ್ದರು.
ಎಂಜಿನ್ನು ಬೆನ್ನಿಗೆ, ಡಿಕ್ಕಿ ಮೂತಿಗೆ.
ಗುಂಡುನೆತ್ತಿಗೆ ಸೇವಂತಿಗೆ ಕಟ್ಟಿ
ಹನ್ನೊಂದು ವರ್ಷ ಮದುಮಕ್ಕಳನ್ನು ಹೊತ್ತಿದ್ದೇನೆ,
ಡ್ರೈವರೂ ನಾನೇ, ಓನರೂ ನಾನೇ.

ಮೊನ್ನೆ ಹರಿಹರದಿಂದ ಬರುವಾಗ
ಹಿಂದೆ ಕೂತ ಹುಡುಗಿ ಗಂಡನ ಹೆಗಲಿಗೆ ವಾಲಿದಳು.
ನಾಚಿಕೆ ಅಂದರು. ಆಮೇಲೆ, ಉಪವಾಸ ಅಂದರು.
ಛತ್ರದ ಮೆಟ್ಟಿಲಲ್ಲಿ ವಾಂತಿಯಾದಾಗ
ದೃಷ್ಟಿ ಅಂದಳೊಬ್ಬ ಅಜ್ಜಿ, ಮೆಣಸಿನಕಾಯಿ ನಿವಾಳಿಸಿದಳು;
ಸುಟ್ಟರೆ ಘಾಟೇ ಬರಲಿಲ್ಲ, ಖಾತ್ರಿಯಾಯಿತು.
ನನ್ನ ಕಿಟಕಿ ತೆರೆದಿತ್ತು, ನನಗೇನೂ ತಿಳಿಯಲಿಲ್ಲ.
ಮಲ್ಲಿಗೆ, ಸೆಂಟು, ಹೊಸ ಸೀರೆಯ ಗಂಜಿ,
ಅದರಡಿ ಎಲ್ಲೋ ಸುಟ್ಟ ಎಣ್ಣೆ.

ಜಬೀವುಲ್ಲಾನ ಶೆಡ್ಡು ಮಂಡಕ್ಕಿ ಭಟ್ಟಿಗಳ ಹಿಂದೆ.
ಓಣಿಗೆ ಓಣಿಯೇ ಹೊಗೆ ಕುಡಿಯುವಲ್ಲಿ
ಒಂದು ಕಾರಿನ ಹೊಗೆ ಹುಡುಕುವುದು ಹೇಗೆ?
'ಭಟ್ಟಿ ಆರಿದ ಮ್ಯಾಲೆ ಬರ್ರಿ' ಅಂದ.
ಹೋದೆ. 'ಮಿರ್ಚಿ ತಿಂದು ಬಂದೀರಿ,
ನಿಮ್ಮ ಮೂಗಿಗೆ ಇವತ್ತು ರಜ. ಮುಂದೆ ಕೂತು ಎಂಜಿನ್ ಓಡಿಸ್ರಿ.'

ಬಾಗಿಲ ರಬ್ಬರಿಗೆ ಹತ್ತರ ನೋಟು ಸಿಕ್ಕಿಸಿ ಎಳೆದ:
ಒಂದು ಕಡೆ ಬಿಗಿ, ಒಂದು ಕಡೆ ಸಲೀಸು.
ಅದಲ್ಲ ಅಂದ.
ಊದುಬತ್ತಿ ಹಚ್ಚಿ ಸೀಟಿನಡಿ ಹಿಡಿದ.
ನೆಟ್ಟಗೆ ನಿಂತಿದ್ದ ಎಳೆ
ಗುರುತಿಲ್ಲದವರು ಬಾಗಿಲು ತಟ್ಟಿದಂತೆ ಹಿಂದೆ ಸರಿಯಿತು.
ಅಲ್ಲೊಂದು ತೂತು, ಚಳಿದೇಶದವರ ಕಾಲಿಗೆ ಬಿಸಿಗಾಳಿಯ ದಾರಿ.
ದಾವಣಗೆರೆಯಲ್ಲಿ ಯಾರಿಗೆ ಬೇಕು!
ಯಾರೋ ಬಟ್ಟೆ ತುರುಕಿದ್ದರು,
ಮಿಲ್ಲಿನದೇ ಕೋರಾ, ಅರ್ಧ ಮಸಿ.
ಕಾರಿನಡಿ ತೆವಳಿ ಬ್ಯಾಟರಿ ಬಿಟ್ಟ:
ತಗಡಿನ ಪೆಟ್ಟಿಗೆಯೊಳಗಿನ ಕೊಳವೆಗೆ
ಉಗುರಷ್ಟು ಬಿರುಕು.

'ವಾಸ್ನಿ ಬಂದ್ರೆ ಚಲೋ ಸಾರ್, ಕೂಗಿ ಕರೀತೈತಿ.
ಕೊಲ್ಲೋದಕ್ಕೆ ವಾಸ್ನಿ ಇರಂಗಿಲ್ಲ.'

ಎಂಜಿನ್ ಆರಿಸಿದೆ.
ಹಿಂಗಾಜಿಗೆ ಥರ್ಮಾಕೋಲಿನ ಹೆಸರು ಅಂಟಿಸಿದವನು ನಾನೇ,
ಆ ಹುಡುಗಿಯ ಹೆಸರು ನೆನಪಿಗೆ ಬರಲಿಲ್ಲ.
ಎಷ್ಟು ಆಲ್ಬಮ್ಮುಗಳಲ್ಲಿ ಈ ಕಾರಿನಿಂದ ಇಳಿಯುತ್ತ
ಅರ್ಧ ಕಣ್ಣು ಮುಚ್ಚಿ ನಿಂತಿದ್ದಾರೋ,
ನಾಚಿದ್ದೇ ಅಂದುಕೊಂಡೆವು.

ಬೆಸುಗೆ ಹಾಕಿ, ತೂತು ಮುಚ್ಚಿ
ಬೆಳಗಿನ ಜಾವ ಅವನೇ ಓಡಿಸಿದ, ಬಾತಿ ಕೆರೆಯತ್ತ.
ಮೊದಲ ಸಲ ಹಿಂದೆ ಕೂತೆ,
ಮೊಣಕಾಲು ಮಡಚಿ, ಕಿಟಕಿ ಏರಿಸಿ.
ಹಳೇ ಸೀಟಿನ ತೆಂಗಿನ ನಾರು. ಬಾಡಿದ ಸೇವಂತಿಗೆ. ನನ್ನದೇ ಬೆವರು.
ಬೇರೇನೂ ಇಲ್ಲ ಅಂದೆ.
ಕನ್ನಡಿಯಲ್ಲಿ ನನ್ನ ಕಣ್ಣನ್ನೇ ನೋಡುತ್ತ
'ಇನ್ನೊಮ್ಮೆ ಎಳೀರಿ' ಅಂದ.