ನೀರು ಕುಡಿಯದ ಕುದುರೆ

ಎರಡು ಗಂಟೆ ಇಪ್ಪತ್ತು ನಿಮಿಷ.
ಅಷ್ಟರೊಳಗೆ ಒಬ್ಬನಾದರೂ ಕುದುರೆಗೆ ನೀರು ಕುಡಿಸಿದನೇ?
ಇಲ್ಲ. ನಾನು ಕಾದು ಕೂತಿದ್ದೆ.

ಹದಿನೇಳು ಹೆಣ ಬಿದ್ದವು, ನಾಲ್ಕು ಸಲ ಸೂರ್ಯ ಮುಳುಗಿದ,
ನಾಲ್ಕು ಸಲವೂ ಅದೇ ಕಿತ್ತಳೆ ಬಣ್ಣದಲ್ಲಿ,
ಮುಳುಗುವ ಮುಂಚೆ ಕನ್ನಡಿ ನೋಡಿಕೊಂಡು ಬಂದವನ ಹಾಗೆ.
ನಾಯಕ ಆರು ದಿನ ಉಪ್ಪಿನ ಬಯಲು ದಾಟಿ ಬಂದ;
ಅಂಗಿಯ ಇಸ್ತ್ರಿಯ ಗೆರೆ ಹಾಗೇ ಇತ್ತು.
ಇಳಿದವನೇ ಲಗಾಮನ್ನು ಕಂಬಕ್ಕೆ ಎಸೆದು
ಒಳಗೆ ಹೋಗಿ ತಾನು ಕುಡಿದ.
ತೊಟ್ಟಿ ಪಕ್ಕದಲ್ಲೇ ಇತ್ತು, ತುಂಬಿತ್ತು,
ಆಕಾಶ ಕೂಡ ಅದರಲ್ಲಿ ಚೆನ್ನಾಗಿ ಬಿದ್ದಿತ್ತು.
ಕ್ಯಾಮೆರಾ ಕುಡಿಯಿತು. ಕುದುರೆ ಕುಡಿಯಲಿಲ್ಲ.

ಲಾಳ ಕಟ್ಟುವುದು ನನ್ನ ಕಸುಬು, ನೆವಾಡದ ಎಲ್ಕೊದಲ್ಲಿ.
ದಿನಕ್ಕೆ ಐದು ಕುದುರೆ, ಇಪ್ಪತ್ತು ಗೊರಸು
ಈ ತೊಡೆಗಳ ಮೇಲೆ ಬಂದು ಹೋಗುತ್ತವೆ.
ಹಾಗಾಗಿ ನನ್ನ ಕಣ್ಣು ಮುಖಕ್ಕೆ ಹೋಗುವುದಿಲ್ಲ, ಕಾಲಿಗೆ ಹೋಗುತ್ತದೆ.
ನಾಯಕಿ ಅತ್ತಳಂತೆ. ನಾನು ನೋಡಲಿಲ್ಲ.
ಆಗ ಅವಳ ಕಂದು ಕುದುರೆಯ ಮುಂದಿನ ಬಲಗಾಲಿನ ಲಾಳ
ಒಂದು ಮೊಳೆ ಸಡಿಲಿಸಿಕೊಂಡು ಟಕ್ ಟಕ್ ಎನ್ನುತ್ತಿತ್ತು.
ಅಲ್ಲ, ಅದೂ ಅನ್ನಲಿಲ್ಲ. ಸದ್ದನ್ನು ಬೇರೆಲ್ಲಿಂದಲೋ ತಂದು ಅಂಟಿಸಿದ್ದರು,
ತೆಂಗಿನ ಚಿಪ್ಪಿನ ಸದ್ದು,
ಮರಳಿನ ಮೇಲೆ!

ಮಾತು ಬೇರೆ.
ನಮ್ಮ ಕಡೆಯ ಗಂಡಸರು ಮದುವೆಯ ದಿನವೂ ಇಷ್ಟು ಮಾತಾಡಿದವರಲ್ಲ.
ಮೂರು ಗುಂಡು ತಗುಲಿದ ಮೇಲೆ ಒಬ್ಬ
ಸ್ವಾತಂತ್ರ್ಯದ ಬಗ್ಗೆ ಅರ್ಧ ಪುಟ ಹೇಳಿ
ಸುಸ್ತಾಗದೆ ಸತ್ತ. ಸುಸ್ತಾದದ್ದು ನನಗೆ.

ನಾನೇನು ಸತ್ಯ ಬೇಕೆಂದು ಹಟ ಹಿಡಿದವಳಲ್ಲ,
ಸುಳ್ಳನ್ನೇ ತಿಂದು ಬೆಳೆದವಳು.
ನನ್ನಜ್ಜ ಗಾನಿಶ್, ನಮ್ಮ ಬಾಸ್ಕ್ ಮಾತಿನಲ್ಲಿ ಐತಾಚಿ,
ಹದಿನೆಂಟು ವರ್ಷ ಈ ಬೆಟ್ಟಗಳಲ್ಲಿ ಕುರಿ ಕಾಯ್ದವನು,
ಪ್ರತಿ ಶನಿವಾರ ಪಿಕಪ್ ಗಾಡಿಯಲ್ಲಿ ಕೂರಿಸಿಕೊಂಡು
ಬಯಲು ಟಾಕೀಸಿಗೆ ಕರೆದೊಯ್ಯುತ್ತಿದ್ದ.
ಪರದೆಯ ತುಂಬ ದನ, ದನ, ದನ, ಬಂದೂಕು.
ಅರ್ಧ ಸಿನಿಮಾ ಆದಮೇಲೆ ಅವನ ಮಾಮೂಲು ಪ್ರಶ್ನೆ:
“ಕುರಿ ಎಲ್ಲಿ?”
ಕುರಿ ಇರುತ್ತಿರಲಿಲ್ಲ. ಕುರಿ ಕಾಯುವವನೂ.
ಇದ್ದರೆ ಮೊದಲ ರೀಲಿನಲ್ಲೇ ಸಾಯುತ್ತಿದ್ದ, ಹೆಸರಿಲ್ಲದೆ.
ಆದರೂ ಮುಂದಿನ ಶನಿವಾರ ಹೊರಡುತ್ತಿದ್ದೆವು.
“ಕತೆ ಅವರದು, ಹೋಗಲಿ ಬಿಡು, ಧೂಳು ನಮ್ಮದು” ಎನ್ನುತ್ತಿದ್ದ,
ಪರದೆಯಿಂದ ಹಾರಿ ಬಂತೋ ಎಂಬಂತೆ
ಕನ್ನಡಕ ಒರೆಸುತ್ತ.

ಈ ಚಿತ್ರದಲ್ಲಿ ಅದೂ ಇಲ್ಲ.
ಕಂಪ್ಯೂಟರಿನಲ್ಲಿ ಹುಟ್ಟಿದ ಧೂಳು, ಎಷ್ಟು ಚಂದ ಏಳುತ್ತದೆ,
ಹೊಳೆಯುತ್ತದೆ, ಸುರುಳಿ ಸುತ್ತುತ್ತದೆ,
ಯಾರ ಹುಬ್ಬಿನ ಮೇಲೂ ಕೂರುವುದಿಲ್ಲ.
ಯಾರೂ ಕೆಮ್ಮುವುದಿಲ್ಲ, ಯಾರೂ ಉಗುಳುವುದಿಲ್ಲ.
ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ, ಸರಿ,
ಒಪ್ಪಿದೆ;
ಜುಟ್ಟೂ ಬಾಡಿಗೆಯದಾದರೆ?

ಒಮ್ಮೆ ಮಾತ್ರ,
ಖಳನಾಯಕ ತನ್ನ ಬಾಲ್ಯವನ್ನು ಉದ್ದಕ್ಕೆ ಬಿಚ್ಚುತ್ತಿದ್ದಾಗ,
ಅವನ ಬೆನ್ನ ಹಿಂದೆ ಬೂದು ಕುದುರೆಯೊಂದು
ಹಿಂಗಾಲು ಸಡಿಲಿಸಿ, ಗೊರಸಿನ ತುದಿ ನೆಲಕ್ಕೂರಿ,
ಕೆಳತುಟಿ ಜೋಲುಬಿಟ್ಟು ನಿದ್ದೆ ಹೋಯಿತು.
ಇಡೀ ಚಿತ್ರದಲ್ಲಿ ನಟಿಸದೆ ಉಳಿದದ್ದು ಅದೊಂದೇ.
ವಿಮರ್ಶೆ ಬರೆದದ್ದೂ ಅದೇ.

ಹೊರಗೆ ಕಾರುಗಳ ಮೇಲೆ ಹಿಮದ ಹೆಪ್ಪು.
ಲುರೀನ್ ಚಿತ್ರದ ಪರ ವಾದಿಸಿದಳು:
ಆ ಬೆಳಕು ನೋಡಿದೆಯಾ, ಆ ಸಂಗೀತ ಕೇಳಿದೆಯಾ.
ನೋಡಿದೆ, ಕೇಳಿದೆ, ಎಂದೆ.
ಕೊನೆಯ ಗುಂಡು ಹಾರಿ, ಹೆಸರುಗಳು ಏರತೊಡಗುವ ಮುಂಚೆ
ದೂರದ ದಿಣ್ಣೆಯ ಮೇಲೆ, ಯಾವ ದೇಶದ ದಿಣ್ಣೆಯೋ,
ಬಿಳಿ ಚುಕ್ಕೆಗಳಿದ್ದವಲ್ಲ,
ಅದನ್ನು ನೋಡಿದೆಯಾ ನೀನು?
“ಕಲ್ಲು,” ಎಂದಳು, ಗಾಜಿನ ಹಿಮ ಕೆರೆಯುತ್ತ.
ಇರಬಹುದು.
ಎಡಗಡೆಯದೊಂದು ಅಲುಗಿದ ಹಾಗಿತ್ತು.

ಮಂಗಳವಾರ ಟಿಕೆಟು ಅರ್ಧ ಬೆಲೆ.